ತಲೆಯಲ್ಲಿದ್ದದ್ದೆಲ್ಲ ಗೋಡೆಯ ಮೇಲೆ

ಜನವರಿ 11

ಮೊಂಡನಿಗೆ,

ಮಾತು ಬಿಟ್ಟು ಎರಡು ವರ್ಷವಾದವಳು ಈಗ ಯಾಕೆ ಕಾಗದ ಬರೆದಳು ಅಂತ ಹುಬ್ಬು ಗಂಟಿಕ್ಕಬೇಡ. ನೀನೂ ಬಿಟ್ಟಿದ್ದೆ. ನಿಮ್ಮ ಭಾವ ಹೋದ ಮೇಲೆ ನೀನು ಬಂದು, ಆಸ್ಪತ್ರೆಯ ಈ ಲಾಂಡ್ರಿ ಕೆಲಸ ಸಾಕು, ನಮ್ಮ ಮನೆಗೆ ಬಂದುಬಿಡು ಅಂದೆ. ನನ್ನ ಕೆಲಸ ನಿನಗೆ ನಾಚಿಕೆಯಾ ಅಂತ ನಾನು ಕೇಳಿದೆ. ನೀನು ಬಡಿಸಿದ ತಟ್ಟೆ ಬಿಟ್ಟು ಎದ್ದು ಹೋದೆ. ಅದೆಲ್ಲ ಈಗ ಬೇಡ. ನನಗೆ ನಿನ್ನ ವಿದ್ಯೆ ಬೇಕಾಗಿದೆ.

ಇಲ್ಲಿ ನನ್ನ ಮರ್ಯಾದೆ ಹೋಗುವ ಹಾಗಾಗಿದೆ. ವಾರ್ಡುಗಳಿಗೆ ಬೆಡ್‌ಶೀಟ್ ಸಾಲುತ್ತಿಲ್ಲ. ಬೆಳಗಿನಿಂದ ಸಂಜೆವರೆಗೆ ಒಗೆಯುತ್ತೇವೆ, ಒಣಗಿಸುತ್ತೇವೆ, ಮಡಿಸುತ್ತೇವೆ. ಆದರೂ ಮೇಲಿನಿಂದ ಫೋನು ತಪ್ಪಿದ್ದಲ್ಲ. ಮೊನ್ನೆ ಹೆರಿಗೆ ವಾರ್ಡಿನಲ್ಲಿ ಹಸಿ ಬಾಣಂತಿಯೊಬ್ಬಳನ್ನು ಬರೀ ರೆಗ್ಸಿನ್ ಮೇಲೆ ಮಲಗಿಸಿದ್ದರಂತೆ. ಮೇಟ್ರನ್ ನಮ್ಮ ನೆಲಮಾಳಿಗೆಗೇ ಇಳಿದು ಬಂದು, ಎಲ್ಲರ ಎದುರಿಗೆ, "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಅಂದರು. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ನೀನು ಕಾರ್ಖಾನೆ ಕಾರ್ಖಾನೆ ಸುತ್ತಿ ಲೀನ್ ಅಂತ ಏನೋ ಕಲಿಸುತ್ತೀಯಲ್ಲ, ಅದನ್ನು ನನಗೆ ಹೇಳಿಕೊಡು. ಬಹಳ ದಿನ ನಾನು ಅದನ್ನು ನಮ್ಮ ಲೀನವಾಗುವುದೇ ಅಂದುಕೊಂಡಿದ್ದೆ. ಕೆಲಸದಲ್ಲಿ ಲೀನವಾಗಿ ಅಂತ ಹೇಳುವವನಿಗೂ ಸಂಬಳ ಕೊಡುತ್ತಾರಾ ಅಂತ ನಿಮ್ಮ ಭಾವನ ಹತ್ತಿರ ನಗಾಡಿದ್ದೆ.

ಫೋನು ಮಾಡಬೇಡ. ಮೆಷಿನ್ ಸದ್ದಿಗೆ ನನ್ನ ಕಿವಿ ಮಂದವಾಗಿದೆ. ಕಾಗದ ಬರಿ. ಒಂದು ಕಾಗದದಲ್ಲಿ ಒಂದೇ ವಿಷಯ ಬರಿ, ದಪ್ಪ ಅಕ್ಷರದಲ್ಲಿ.

ನಿನ್ನ ಅಕ್ಕ


ಜನವರಿ 20

ಅಕ್ಕನಿಗೆ,

ಕಾಗದ ತಲುಪಿತು.

ಲೀನ್ ಅಂದರೆ ನೀನು ಅಂದುಕೊಂಡದ್ದಲ್ಲ. ಮೈಯಲ್ಲಿ ಬೇಡದ ಕೊಬ್ಬು ಇಲ್ಲದಿರುವುದು ಅಂತ ಅರ್ಥ. ಕೆಲಸದಲ್ಲೂ ಹಾಗೆ. ಯಾರಿಗೂ ಉಪಯೋಗವಿಲ್ಲದ ಓಡಾಟ, ಹುಡುಕಾಟ, ಕಾಯುವುದು, ಮಾಡಿದ್ದನ್ನೇ ಮತ್ತೆ ಮಾಡುವುದು, ಇವನ್ನೆಲ್ಲ ಕಂಡುಹಿಡಿದು ತೆಗೆಯುವುದು. ಜನರನ್ನು ಓಡಿಸಿ ದುಡಿಸುವುದಲ್ಲ. ಅದನ್ನು ಹಾಗೆ ಮಾಡುವವರೂ ಇದ್ದಾರೆ, ನಾನು ಮಾಡುವುದಿಲ್ಲ.

ಒಂದೇ ವಿಷಯ ಅಂದಿದ್ದೀಯ. ಇಗೋ. ಒಂದು ದಿನ ನೀನು ಏನೂ ಕೆಲಸ ಮಾಡಬೇಡ. ಒಂದು ಬೆಡ್‌ಶೀಟು ಹಾಸಿಗೆಯಿಂದ ಹೊರಟು ಮತ್ತೆ ಹಾಸಿಗೆಗೆ ಬರುವವರೆಗೆ ಅದರ ಜೊತೆಯಲ್ಲೇ ಹೋಗು. ಅದು ಎಲ್ಲಿ ಸುಮ್ಮನೆ ಬಿದ್ದಿರುತ್ತದೋ ಅಲ್ಲಿ ನಿಂತು, ಯಾಕೆ ಅಂತ ಕೇಳು. ಬಂದ ಉತ್ತರಕ್ಕೆ ಮತ್ತೆ ಯಾಕೆ ಅಂತ ಕೇಳು. ನಾಲ್ಕೈದು ಸಲ ಹಾಗೆ ಕೇಳಿದರೆ ಬೇರು ಸಿಗುತ್ತದೆ. ಯಾರು ಮಾಡಿದ್ದು ಅಂತ ಮಾತ್ರ ಕೇಳಬೇಡ. ಆ ಪ್ರಶ್ನೆಗೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಾನೇ ಬಂದು ನೋಡಿದರೆ ಬೇಗ ಆಗುತ್ತಿತ್ತು. ನೀನು ಕರೆದಿಲ್ಲ, ಹಾಗಾಗಿ ಬರುವ ಮಾತಿಲ್ಲ.

ನಿನ್ನ ತಮ್ಮ


ಫೆಬ್ರವರಿ 6

ಮೊಂಡನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ಒಂದು ಬೆಡ್‌ಶೀಟಿನ ಮೂಲೆಗೆ ನೀಲಿ ದಾರ ಹೊಲಿದು ಅದು ಹೋದಲ್ಲೆಲ್ಲ ಹೋದೆ. ನಮ್ಮಲ್ಲಿ ಮಡಿಸುವ ಮೇಜಿನ ಹತ್ತಿರ ಒಬ್ಬಳಿದ್ದಾಳೆ, ಎರಡು ಮಕ್ಕಳ ತಾಯಿ, ಬಾಯಿಗೆ ಬೀಗವಿಲ್ಲ. ಎಲ್ಲರೂ ಅವಳನ್ನು ಮಾತಿನಮಲ್ಲಿ ಅಂತಲೇ ಕರೆಯುವುದು. "ಏನಕ್ಕ, ಬೆಡ್‌ಶೀಟಿಗೆ ಗಂಡು ಹುಡುಕ್ತಾ ಇದ್ದೀರಾ, ಅದರ ಹಿಂದೆನೇ ತಿರುಗ್ತೀರಲ್ಲ" ಅಂತ ಎಲ್ಲರನ್ನೂ ನಗಿಸಿದಳು.

ಕೊಳೆ ಬಟ್ಟೆ ಮೊದಲು ವಾರ್ಡಿನ ಮೂಲೆಯಲ್ಲಿ ಬಿದ್ದಿರುತ್ತದೆ, ಟ್ರಾಲಿ ತುಂಬಲಿ ಅಂತ. ಕೆಳಗೆ ಬಂದ ಮೇಲೆ ದೊಡ್ಡ ಮೆಷಿನ್ ಮುಂದೆ ಬಿದ್ದಿರುತ್ತದೆ, ಮೆಷಿನ್ ತುಂಬಲಿ ಅಂತ. ಅದನ್ನು ನಡೆಸುವ ಮುದುಕರನ್ನು ನಾವು ಮೆಷಿನ್ ಮಾವ ಅನ್ನುತ್ತೇವೆ, ಹೊಟ್ಟೆ ತುಂಬದ ಮೆಷಿನ್ನನ್ನು ಅವರು ತಿರುಗಿಸುವುದೇ ಇಲ್ಲ. ಒಗೆದಾದ ಮೇಲೆ ಒದ್ದೆ ಗುಡ್ಡೆ. ಒಣಗಿದ ಮೇಲೆ ಇನ್ನೊಂದು ಗುಡ್ಡೆ. ಮನುಷ್ಯರ ಕೈ ತಾಗಿದ ಹೊತ್ತು ಒಂದಿಷ್ಟು, ಮಲಗಿದ್ದ ಹೊತ್ತೇ ಬೆಟ್ಟದಷ್ಟು.

ಆಮೇಲೆ ಯಾಕೆ ಅಂತ ಕೇಳಲು ಕೂತೆವು. ವಾರ್ಡಿನಲ್ಲಿ ಬೆಡ್‌ಶೀಟ್ ಯಾಕಿಲ್ಲ ಅಂದರೆ ನರ್ಸುಗಳು ಬೀರುವಿನಲ್ಲಿ ಬಚ್ಚಿಟ್ಟಿದ್ದಾರೆ. ಯಾಕೆ ಬಚ್ಚಿಟ್ಟರು ಅಂದರೆ ನಾಳೆ ಬರುತ್ತದೋ ಇಲ್ಲವೋ ಅನ್ನುವ ಭಯ. ಯಾಕೆ ಭಯ ಅಂದರೆ ಕೆಲವು ದಿನ ನಾವು ಕಳಿಸಿಲ್ಲ. ಯಾಕೆ ಕಳಿಸಿಲ್ಲ ಅಂದರೆ ಯಾವ ವಾರ್ಡಿಗೆ ಎಷ್ಟು ಅಂತ ನಮ್ಮ ಲಾಂಡ್ರಿಯವರಿಗೆ ಗೊತ್ತಿಲ್ಲ, ನಾನು ಹೇಳುವವರೆಗೆ ಕಪಾಟಿನಲ್ಲೇ ಇಟ್ಟುಕೊಂಡು ಕೂತಿರುತ್ತಾರೆ. ಯಾಕೆ ಗೊತ್ತಿಲ್ಲ ಅಂತ ನಾನೇ ಕೇಳಿದೆ. ಒಬ್ಬೊಬ್ಬರೇ ಕೈಲಿದ್ದ ಬಟ್ಟೆ ಮಡಿಸತೊಡಗಿದರು. ಕೊನೆಗೆ ಮೆಷಿನ್ ಮಾವ, "ಅದೆಲ್ಲ ನಿನ್ನ ತಲೆಯಲ್ಲಿದೆಯಲ್ಲಮ್ಮ" ಅಂದರು.

ನೋಡು, ಬೇರು ಹುಡುಕಿಕೊಂಡು ಹೋದರೆ ನನ್ನ ತಲೆಗೇ ಬಂತು.

ನಿನಗೆ ಹೇಳಿರಲಿಲ್ಲ ಅಲ್ಲವಾ, ಮೊನ್ನೆ ಮೇಟ್ರನ್ ಇಲ್ಲಿಗೇ ಇಳಿದು ಬಂದಿದ್ದರು. ಬಾಣಂತಿಯನ್ನು ರೆಗ್ಸಿನ್ ಮೇಲೆ ಮಲಗಿಸಿದ್ದರಂತೆ. "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಅಂದರು. ಬೈದಿದ್ದರೆ ವಾಸಿ ಇತ್ತು.

ಮುಂದೆ ಏನು ಮಾಡಲಿ, ಬರಿ.

ಅಕ್ಕ


ಫೆಬ್ರವರಿ 17

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ನಾನು ಪಾಠ ಮಾಡುವ ಕಡೆ ಓದಿ ಹೇಳಿದೆ. ನೀಲಿ ದಾರದ ಉಪಾಯ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಾರು ಬರೆದದ್ದು ಅಂತ ಕೇಳಿದರು. ನನ್ನ ಅಕ್ಕ, ಆಸ್ಪತ್ರೆಯ ಲಾಂಡ್ರಿ ನಡೆಸುತ್ತಾಳೆ ಅಂದೆ. ನಾಚಿಕೆಯಾಗಲಿಲ್ಲ. ಆವತ್ತೂ ಆಗಿರಲಿಲ್ಲ, ನಿನಗೆ ಹೇಳಲು ಬರಲಿಲ್ಲ ಅಷ್ಟೇ.

ಈ ಸಲದ ವಿಷಯ ಕಾರ್ಡು. ದಪ್ಪ ರಟ್ಟು ಸಾಕು. ಪ್ರತಿ ವಾರ್ಡಿನ ಕಪಾಟಿನಲ್ಲಿ ಒಂದು ಮಟ್ಟಕ್ಕೆ ಕೆಂಪು ಪಟ್ಟಿ ಅಂಟಿಸು. ಬಟ್ಟೆ ಆ ಪಟ್ಟಿಯವರೆಗೆ ಇಳಿದ ಕೂಡಲೇ ಅಲ್ಲಿಟ್ಟ ಕಾರ್ಡು ಟ್ರಾಲಿಯಲ್ಲಿ ಕೆಳಗೆ ಬರಬೇಕು. ಯಾವ ವಾರ್ಡು, ಎಷ್ಟು ಬೇಕು ಅಂತ ಅದರ ಮೇಲೇ ಬರೆದಿರಲಿ. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ. ಮೊಳೆಯಲ್ಲಿ ಕಾರ್ಡು ಇದ್ದರೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಮತ್ತೆ ಮೆಷಿನ್ ಮಾವನಿಗೆ ಹೇಳು, ಅರ್ಧ ಹೊಟ್ಟೆಯಲ್ಲಿ ಎರಡು ಸಲ ತಿರುಗಿದರೆ ಮೆಷಿನ್ನಿಗೆ ಅವಮಾನವಾಗುವುದಿಲ್ಲ ಅಂತ.

ಮೇಟ್ರನ್ ವಿಷಯ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಮನಸ್ಸಿಗೆ ತುಂಬಾ ಹಚ್ಚಿಕೊಂಡಿದ್ದೀಯ ಅನ್ನಿಸುತ್ತದೆ. ಬಿಟ್ಟುಬಿಡು.

ನಿನ್ನ ತಮ್ಮ


ಏಪ್ರಿಲ್ 4

ಮೊಂಡನಿಗೆ,

ಕಾರ್ಡು ಕೆಲಸ ಮಾಡುತ್ತಿದೆ ಕಣೋ.

ಮೊದಲ ವಾರ ನರ್ಸುಗಳು ನಂಬಲಿಲ್ಲ. ಕಾರ್ಡು ಕಳಿಸಿ, ಜೊತೆಗೆ ಫೋನೂ ಮಾಡಿ, ಸಾಲದ್ದಕ್ಕೆ ಆಯಾಳನ್ನೂ ಓಡಿಸುತ್ತಿದ್ದರು. ಕಾರ್ಡು ಬಂದಂತೆಲ್ಲ ಬಟ್ಟೆ ಹೋಗುತ್ತಲೇ ಇತ್ತು. ಆಮೇಲೆ ಒಬ್ಬೊಬ್ಬರೇ ಬೀರು ತೆರೆದರು. ಬಚ್ಚಿಟ್ಟದ್ದೆಲ್ಲ ಹೊರಗೆ ಬಂದಾಗ ನೋಡಬೇಕಿತ್ತು, ನೆಲ ಕಾಣದಷ್ಟು ರಾಶಿ. ಕೆಡವಿ ಎಷ್ಟೋ ವರ್ಷವಾದ ಹಳೇ ವಾರ್ಡಿನ ಮುದ್ರೆ ಇದ್ದದ್ದೂ ಅದರಲ್ಲಿ ಇತ್ತು. ಹೊಸ ಬೆಡ್‌ಶೀಟ್ ಬೇಕು ಅಂತ ನಾನು ಕಚೇರಿಗೆ ಬರೆದುಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಮೇಟ್ರನ್ ಮತ್ತೆ ಇಳಿದು ಬಂದರು, ಗೋಡೆ ನೋಡಿದರು, ನನ್ನ ಭುಜ ತಟ್ಟಿ ಹೋದರು.

ಮಾತಿನಮಲ್ಲಿಗೆ ಈ ಕೆಲಸ ಚೆನ್ನಾಗಿ ಹಿಡಿಸಿದೆ. ಕಾರ್ಡು ಬಂದರೆ ಸಾಕು, ಮಾತು ನಿಲ್ಲಿಸಿ ಎದ್ದು ಹೋಗುತ್ತಾಳೆ.

ಈಗ ಮೆಷಿನ್ ಕೆಲಸವನ್ನೂ ಚಿತ್ರ ಬರೆಸಿ ಅಂಟಿಸುತ್ತಿದ್ದೇನೆ. ಯಾವ ಗುಂಡಿ ಮೊದಲು, ಯಾವುದು ಆಮೇಲೆ, ಸೋಪು ಎಷ್ಟು. ರಕ್ತದ ಕಲೆಗೆ ಮೊದಲು ತಣ್ಣೀರು. ಸೋಂಕಿನ ವಾರ್ಡಿನ ಬಟ್ಟೆ ಹಳದಿ ಚೀಲದಲ್ಲಿ, ಬೇರೆ ಬಟ್ಟೆಗೆ ತಾಗಬಾರದು. ಇಷ್ಟು ವರ್ಷದಿಂದ ಮಾಡುತ್ತಿರುವವರಿಗೆ ಚಿತ್ರ ಯಾಕೆ ಅಂತ ಮಾವ ಗೊಣಗಿದರು. ಆಮೇಲೆ ನನ್ನ ಮುಖ ನೋಡಿ, ಸುಮ್ಮನೆ ಏಣಿ ಹಿಡಿದುಕೊಂಡರು.

ಅಕ್ಕ


ಏಪ್ರಿಲ್ 13

ಮೊಂಡನಿಗೆ,

ಜನವರಿಯಿಂದ ಕೇಳುತ್ತಿದ್ದೇನೆ, ನೀನು ಒಂದು ಅಕ್ಷರ ಬರೆದಿಲ್ಲ. ವಾರ್ಡಿಗೆ ಬೆಡ್‌ಶೀಟ್ ಸಾಲುತ್ತಿಲ್ಲ. ಕಾರ್ಖಾನೆಗಳಲ್ಲಿ ರಟ್ಟಿನ ಕಾರ್ಡು ಇಟ್ಟು ಏನೋ ಮಾಡುತ್ತಾರೆ ಅಂತ ಕೇಳಿದೆ. ಅದು ಹೇಗೆ ಅಂತ ಹೇಳಿಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ? ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಸೇಡು ತೀರಿಸಬೇಡ.

ಅಕ್ಕ


ಏಪ್ರಿಲ್ 22

ಅಕ್ಕ,

ನಿನ್ನ ಕಾಗದ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಮೊದಲು ತಮಾಷೆ ಅಂದುಕೊಂಡೆ.

ನೀನು ಬೇಡ ಅಂದಿದ್ದರೂ ಲಾಂಡ್ರಿಗೆ ಫೋನು ಮಾಡಿದೆ. ಮಾತಿನಮಲ್ಲಿ ಎತ್ತಿದಳು. ಅಕ್ಕ ಹೇಗಿದ್ದಾಳೆ ಅಂತ ಕೇಳಿದೆ. ಹಿಂದಿನಿಂದ ಮೆಷಿನ್ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, "ನೀವೇ ಅವರನ್ನ ಕೇಳಿ ಅಣ್ಣ" ಅಂತ ಇಟ್ಟುಬಿಟ್ಟಳು.

ಕೇಳುತ್ತಿದ್ದೇನೆ. ಏನಾಗಿದೆ ಅಕ್ಕ?

ನಿನ್ನ ತಮ್ಮ


ಮೇ 5

ಮೊಂಡ,

ಇವತ್ತು ಬೆಳಗ್ಗೆ ತಲೆ ತಿಳಿಯಾಗಿದೆ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ಒಂದು ದಿನ ಮೆಷಿನ್ ಮುಂದೆ ನಿಂತಿದ್ದೆ. ಕೈ ಹಿಡಿಕೆಯ ಮೇಲಿತ್ತು. ಅದು ಏನು, ಎಳೆಯಬೇಕೋ ಒತ್ತಬೇಕೋ, ನಾನು ಅಲ್ಲಿಗೆ ಯಾಕೆ ಬಂದೆ, ಒಂದೂ ಗೊತ್ತಾಗಲಿಲ್ಲ. ಮೆಷಿನ್ ಮಾವ ಬಂದು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು. ಆಯಾಸವಾಗಿದೆ, ಕೂತ್ಕೋ ಅಂದರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಒಂದು ದಿನ ಹಳದಿ ಚೀಲದ ಬಟ್ಟೆಯನ್ನು ಮಕ್ಕಳ ವಾರ್ಡಿನ ಬಟ್ಟೆಯ ಮೇಲೆ ಸುರಿದೆ. ಮಾತಿನಮಲ್ಲಿ ಓಡಿ ಬಂದು ಎಲ್ಲವನ್ನೂ ಬೇರೆಯಾಗಿ ಕುದಿಸಿದಳು, ಯಾರಿಗೂ ಹೇಳಲಿಲ್ಲ. ವಾರ್ಡಿಗೆ ಬಟ್ಟೆ ಸಾಲದೆ ಹೋದದ್ದಕ್ಕೂ ಅದೇ ಕಾರಣ. ಎಲ್ಲ ನನ್ನ ತಲೆಯಲ್ಲಿತ್ತು, ಆ ತಲೆ ಸೋರಲು ಶುರುವಾಗಿತ್ತು.

ಮೇಲಿನ ಮಹಡಿಯ ಡಾಕ್ಟರ ಹತ್ತಿರ ಹೋದೆ. ಕೋಟಿನ ಜೇಬಿನಲ್ಲಿ ಪೆನ್ನು ಬಿಟ್ಟು ಶಾಯಿ ಮಾಡಿಕೊಳ್ಳುವವರು, ಅವರ ಕೋಟು ನನಗೆ ಅವರಿಗಿಂತ ಚೆನ್ನಾಗಿ ಗೊತ್ತು. ತುಂಬಾ ಪ್ರಶ್ನೆ ಕೇಳಿದರು, ತಲೆಯ ಫೋಟೋ ತೆಗೆಸಿದರು. ಹೋದದ್ದು ವಾಪಸ್ ಬರುವುದಿಲ್ಲ, ಇನ್ನೂ ಹೋಗುತ್ತದೆ, ಎಷ್ಟು ಬೇಗ ಅಂತ ಹೇಳಲಾರೆ ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಪಾಪ.

ಕಿವಿ ಮಂದ ಅಂದದ್ದು ಸುಳ್ಳು. ಫೋನಿನಲ್ಲಿ ಹೇಳಿದ್ದು ನನ್ನಲ್ಲಿ ನಿಲ್ಲುವುದಿಲ್ಲ. ಕಾಗದವಾದರೆ ಮತ್ತೆ ಓದಬಹುದು.

ನಿನಗೆ ಬರೆದದ್ದು ಇದಕ್ಕೇ. ನನ್ನ ತಲೆಯಲ್ಲಿದ್ದದ್ದೆಲ್ಲ ಹೋಗುವ ಮೊದಲು ಗೋಡೆಗೆ ಹಾಕಬೇಕಿತ್ತು. ಮೊದಲೇ ಹೇಳಿದ್ದರೆ ನೀನು ಲಾಂಡ್ರಿ ಬಿಟ್ಟು ನನ್ನನ್ನು ಸರಿಮಾಡಲು ಹೊರಡುತ್ತಿದ್ದೆ. ನಾನು ಸರಿಯಾಗುವ ವಸ್ತುವಲ್ಲ, ಲಾಂಡ್ರಿ ಆಗುತ್ತದೆ.

ಈಗ ಬರಬೇಡ. ಚಿತ್ರ ಅಂಟಿಸುವುದು ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ನಾನೇ ಹೇಳುತ್ತೇನೆ.

ಅಕ್ಕ


ಮೇ 12

ಅಕ್ಕ,

ಅಮ್ಮ ಹೋದಾಗ ನನಗೆ ಸರಿಯಾಗಿ ಅಂಗಿ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನೀನು ಓದು ಬಿಟ್ಟು ಇದೇ ಲಾಂಡ್ರಿಗೆ ಸೇರಿದೆ. ನಾನು ಓದಿದ್ದು ಆ ಸೋಪಿನ ವಾಸನೆಯ ಕೈಯಿಂದ. ಇದನ್ನು ಯಾವತ್ತೂ ನಿನಗೆ ಹೇಳಿರಲಿಲ್ಲ. ನಿನಗೆ ಗೊತ್ತಿದೆ, ಮತ್ತೆ ಯಾಕೆ ಹೇಳಬೇಕು ಅಂದುಕೊಂಡಿದ್ದೆ. ಈಗ ಬರೆದಿಡುತ್ತಿದ್ದೇನೆ. ಈ ಕಾಗದವನ್ನು ಕೈಗೆ ಸಿಗುವ ಕಡೆ ಇಟ್ಟುಕೋ.

ಸುಮ್ಮನೆ ಕಾಯುವುದರಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ ಅಂತ ದಿನಾ ಜನರಿಗೆ ಪಾಠ ಹೇಳುವವನು ನಾನು. ನೀನು ಮೊದಲು ಬರೆಯಲಿ ಅಂತ ಎರಡು ವರ್ಷ ಕಾದು ಕೂತಿದ್ದೆ.

ಇನ್ನು ಕಾಯುವುದಿಲ್ಲ. ಭಾನುವಾರ ಬರುತ್ತೇನೆ. ಬೇಡ ಅಂದರೂ ಬರುತ್ತೇನೆ. ಏಣಿ ಹಿಡಿಯಲು ಇನ್ನೊಬ್ಬ ಇರಲಿ.

ನಿನ್ನ ಮೊಂಡ


ಆಗಸ್ಟ್ 8

ಮೊಂಡನಿಗೆ,

ನೀನು ಮೂರು ಸಲ ಬಂದು ಹೋದೆ ಅನ್ನುತ್ತಾರೆ. ನನಗೆ ಒಂದು ಸಲದ್ದು ಚೆನ್ನಾಗಿ ನೆನಪಿದೆ. ಏಣಿಯ ಮೇಲೆ ನಿಂತು ಚಿತ್ರಗಳನ್ನೆಲ್ಲ ಸೊಟ್ಟ ಅಂಟಿಸಿದೆ, ಮಾತಿನಮಲ್ಲಿ ಕಿತ್ತು ನೆಟ್ಟಗೆ ಅಂಟಿಸಿದಳು. ರಾತ್ರಿ ನನ್ನ ಮನೆಯಲ್ಲಿ ಊಟ ಮಾಡಿದೆ, ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಅದು ನೆನಪಿದೆ.

ನೀನು ಹೇಳಿದ ಪರೀಕ್ಷೆ ಮಾಡಿದೆ. ಒಂದು ದಿನ ಪೂರ್ತಿ ಬಾಯಿ ಮುಚ್ಚಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಲಾಂಡ್ರಿಯಲ್ಲಿ ಕೂತೆ. ಕಾರ್ಡುಗಳು ಬಂದವು, ಮೊಳೆ ಸೇರಿದವು, ಬಟ್ಟೆ ಹೋಯಿತು. ಹೊಸದಾಗಿ ಸೇರಿದ ಹೆಂಗಸೊಬ್ಬಳು ಗೋಡೆ ನೋಡಿಕೊಂಡು ಮೆಷಿನ್ ತಿರುಗಿಸಿದಳು. ಒಂದೇ ಒಂದು ಫೋನು ಬರಲಿಲ್ಲ. ಸಂಜೆವರೆಗೆ ಒಬ್ಬರೂ ನನ್ನ ಹತ್ತಿರ ಬಂದು, ಅಕ್ಕ ಇದೇನು ಮಾಡಲಿ ಅಂತ ಕೇಳಲಿಲ್ಲ.

ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಆಮೇಲೆ ಸೋಪು ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನೀನು ಕಲಿಸುವ ಕಡೆ ಯಾರಾದರೂ ಹೀಗೆ ಅತ್ತದ್ದುಂಟಾ? ಇದ್ದರೆ ಅವರಿಗೂ ನಿನ್ನ ಪಾಠದಲ್ಲಿ ಒಂದು ಜಾಗ ಇಡು.

ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ. ಮೇಟ್ರನ್‌ಗೆ ಹೇಳಿದ್ದಾಯಿತು. ನನ್ನ ಕಾಲ ಮೇಲೆ ನಾನೇ ನಡೆದು ಹೊರಗೆ ಬರಬೇಕು, ಯಾರೋ ಕೈ ಹಿಡಿದು ಕರೆತರುವ ಹಾಗೆ ಆಗಬಾರದು. ಆಮೇಲೆ ನಿನ್ನ ಮನೆಗೆ ಬರುತ್ತೇನೆ. ನಿನ್ನ ಹೆಂಡತಿಗೆ ಹೇಳು, ಅತ್ತಿಗೆ ಅಡುಗೆಮನೆಗೆ ಕೈ ಹಾಕುವುದಿಲ್ಲ ಅಂತ. ಹಾಕಿದರೆ ನಾನು ಮರೆತಿದ್ದೇನೆ ಅಂತ ಅರ್ಥ, ಬೇಜಾರು ಮಾಡಿಕೊಳ್ಳಬಾರದು.

ಅಕ್ಕ


ನವೆಂಬರ್ 3

ತಂಗಿ,

ಅಕ್ಕನ ವಿಷಯ ತಿಳಿಸಿ ಅಂತ ನೀವು ಲಾಂಡ್ರಿಯಿಂದ ಎರಡು ಸಲ ಬರೆದಿರಿ. ಏನು ಬರೆಯುವುದು ಅಂತ ತಿಳಿಯದೆ ತಡಮಾಡಿದೆ.

ಬಂದ ಒಂದು ತಿಂಗಳು ಚೆನ್ನಾಗಿದ್ದಳು. ಆಮೇಲೆ ಬೇಗ ಬೇಗ ಇಳಿದಳು. ಈಗ ನನ್ನನ್ನು ಕೆಲವು ಸಲ ಗುರುತು ಹಿಡಿಯುತ್ತಾಳೆ, ಕೆಲವು ಸಲ ನಾನು ವಾರ್ಡಿನಿಂದ ಬಂದ ಮನುಷ್ಯ. ಬೆಳಗಾದರೆ ಕೆಲಸಕ್ಕೆ ಹೊರಡಬೇಕು ಅಂತ ಬಾಗಿಲ ಹತ್ತಿರ ಬಂದು ನಿಲ್ಲುತ್ತಾಳೆ. ಕೆಲಸ ಬಿಟ್ಟಿದ್ದೀಯ ಅಂತ ನಾನು ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವಳಿಗೆ ಅದು ಹೊಸ ಸುದ್ದಿ. ಪ್ರತಿ ಸಲವೂ ಮೊದಲ ಸಲದಷ್ಟೇ ಅಳುತ್ತಿದ್ದಳು. ಅದನ್ನು ಹೇಳುವುದು ನಿಲ್ಲಿಸಿದೆ.

ಒಂದು ದಿನ ನನ್ನ ಹೆಂಡತಿ ಒಗೆದ ಬೆಡ್‌ಶೀಟುಗಳನ್ನು ಮಂಚದ ಮೇಲೆ ಹಾಕಿದ್ದಳು. ಅಕ್ಕ ಹೋಗಿ ಮಡಿಸತೊಡಗಿದಳು. ಮೂಲೆಗೆ ಮೂಲೆ ಕೂಡಿಸಿ, ಅಂಗೈಯಿಂದ ಸವರಿ, ಅಂಚು ಒಂದು ಎಳೆ ಆಚೀಚೆಯಾಗದ ಹಾಗೆ. ಕೈಗಳಿಗೆ ಮರೆತಿಲ್ಲ. ಮಡಿಸಿ ಮುಗಿದ ಮೇಲೆ ನಾವು ಒಳಗೆ ತೆಗೆದುಕೊಂಡು ಹೋಗಿ ಬಿಚ್ಚಿ, ಮುದುರಿ, ಮತ್ತೆ ತಂದು ಹಾಕುತ್ತೇವೆ. ಅವಳು ಮತ್ತೆ ಮಡಿಸುತ್ತಾಳೆ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಮಾಡಿದ್ದನ್ನೇ ಮತ್ತೆ ಮಾಡುವುದನ್ನು ತೆಗೆದುಹಾಕಿ ಅಂತ ಜೀವಮಾನವಿಡೀ ಪಾಠ ಹೇಳಿದವನು ದಿನಾ ಕೂತು, ಮಡಿಸಿದ ಬಟ್ಟೆ ಬಿಚ್ಚುತ್ತಿದ್ದೇನೆ.

ಈಗ ಹೊಸ ತೊಂದರೆ. ನಮ್ಮ ಮನೆಯ ಬೆಡ್‌ಶೀಟು ತೆಳುವು, ಹೂವಿನದು. ಹೋದ ವಾರ ಅಂಚು ಮುಟ್ಟಿ ನೋಡಿ, "ಇದು ನಮ್ಮ ಆಸ್ಪತ್ರೆಯದ್ದಲ್ಲ, ಯಾರದೋ ಮನೆಯದ್ದು, ವಾಪಸ್ ಕೊಡಿ" ಅಂದುಬಿಟ್ಟಳು. ಆವತ್ತಿನಿಂದ ಮುಟ್ಟುತ್ತಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಹಾಗೆ ಕೂತದ್ದನ್ನು ನನ್ನಿಂದ ನೋಡಲಾಗುವುದಿಲ್ಲ.

ಅಲ್ಲಿ ಹರಿದು ಬಿಸಾಡುವ ಹಳೇ ಬೆಡ್‌ಶೀಟು ಇದ್ದರೆ, ಮೇಟ್ರನ್ ಒಪ್ಪಿದರೆ, ಒಂದು ಕಟ್ಟು ಕಳಿಸಿಕೊಡುತ್ತೀರಾ?

ನಿಮ್ಮ ಅಕ್ಕನ ತಮ್ಮ


ನವೆಂಬರ್ 15

ಅಣ್ಣನವರಿಗೆ,

ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅರ್ಧಕ್ಕೆ ನನ್ನ ಕೈಲಿ ಆಗಲಿಲ್ಲ, ಮಿಕ್ಕದ್ದನ್ನು ಮೆಷಿನ್ ಮಾವ ಓದಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹಾಕಿಕೊಂಡು, ಮತ್ತೆ ತೆಗೆದು, ಹೀಗೆ ಓದುವುದರಲ್ಲಿ ಊಟದ ಹೊತ್ತೇ ಮುಗಿಯಿತು. ಒಬ್ಬರೂ ಡಬ್ಬಿ ತೆರೆಯಲಿಲ್ಲ.

ಮೇಟ್ರನ್ ಹತ್ತಿರ ನಾನೇ ಹೋದೆ. ಹರಿದದ್ದನ್ನು ಯಾಕೆ ಕಳಿಸುತ್ತೀರಿ, ನೆಟ್ಟಗಿರುವುದನ್ನೇ ಕಳಿಸಿ ಅಂದರು. ಆದರೆ ಹೊಸದು ಗಡುಸು, ಅಕ್ಕನ ಕೈಗೆ ಪರಿಚಯವಿರುವುದಿಲ್ಲ. ಅದಕ್ಕೇ ಅಕ್ಕ ಇದ್ದ ಕಾಲದ ಬೆಡ್‌ಶೀಟುಗಳನ್ನೇ ಹುಡುಕಿ ತೆಗೆದೆವು. ಒಗೆಯುವುದನ್ನು ಮಾವ ಇನ್ನೊಬ್ಬರಿಗೆ ಬಿಡಲಿಲ್ಲ. ಇದೊಂದು ಕಟ್ಟಿಗೋಸ್ಕರ ದೊಡ್ಡ ಮೆಷಿನ್ನನ್ನು ಕಾಲು ಹೊಟ್ಟೆಯಲ್ಲಿ ತಿರುಗಿಸಿದರು, ನಮಗೆ ನಂಬಲಿಕ್ಕೇ ಆಗಲಿಲ್ಲ. ಸೋಪು ನಮ್ಮದೇ, ಕಟ್ಟು ಬಿಚ್ಚಿದ ಕೂಡಲೇ ಅಕ್ಕನಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಅಂಚಿನಲ್ಲಿ ಆಸ್ಪತ್ರೆಯ ಮುದ್ರೆ ಕಾಣುವ ಹಾಗಿದೆ.

ಇಲ್ಲಿ ಎಲ್ಲ ನಡೆಯುತ್ತಿದೆ ಅಣ್ಣ. ಯಾವ ವಾರ್ಡಿನಿಂದಲೂ ದೂರು ಬಂದಿಲ್ಲ. ಯಾರಾದರೂ ಹೊಸಬರು ಬಂದರೆ ಗೋಡೆಯ ಮುಂದೆ ನಿಲ್ಲಿಸಿ, ಇದು ನಮ್ಮ ಅಕ್ಕ ಅಂತ ಶುರುಮಾಡುತ್ತೇನೆ. ಅವರು ಫೋಟೋ ಎಲ್ಲಿ ಅಂತ ಹುಡುಕುತ್ತಾರೆ.

ಕಟ್ಟು ಇವತ್ತಿನ ಬಸ್ಸಿಗೆ ಹಾಕಿದ್ದೇವೆ. ಬಿಚ್ಚಿದಾಗ ನಿಮ್ಮ ಮನೆಯವರು ಏನಂದುಕೊಳ್ಳುತ್ತಾರೋ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಈ ಲಾಂಡ್ರಿಯಿಂದ ಇವತ್ತಿನವರೆಗೆ ಮಡಿಸದ ಬಟ್ಟೆ ಹೊರಗೆ ಹೋಗಿಲ್ಲ. ಇದೊಂದನ್ನು ನಾವು ಮಡಿಸಿಲ್ಲ. ಒಣಗಿದ್ದನ್ನು ಹಾಗೇ ಮುದ್ದೆಮಾಡಿ ತುಂಬಿದ್ದೇವೆ. ಅಕ್ಕನಿಗೆ ಹೇಳಿ, ಕೆಲಸ ತುಂಬಾ ಬಾಕಿ ಇದೆಯಂತೆ, ಅವರನ್ನೇ ಕಾಯುತ್ತಿದ್ದಾರಂತೆ ಅಂತ.

ನಿಮ್ಮ ತಂಗಿ,
ಮಡಿಸುವ ಮೇಜಿನವಳು